14 ವಾರದ ಇಂಜೆಕ್ಷನ್ ಆದ ರಾತ್ರಿ ಜ್ವರ: ಡ್ರಾಪ್ಸಾ, ಸಿರಪ್ಪಾ? ಕೊಟ್ಟೋರು ಅನುಭವ ಹೇಳಿ

ನಿಟುವಳ್ಳಿ ತಾಯಿ: ಮಗನಿಗೆ ಮೂರೂವರೆ ತಿಂಗಳು, 6 ಕೆಜಿ. ಇವತ್ತು ಬೆಳಿಗ್ಗೆ ಲಸಿಕೆ ಹಾಕಿಸ್ಕೊಂಡು ಬಂದ್ವಿ. ತೊಡೆ ಊದೈತೆ, ಮುಟ್ಟಿದ್ರೆ ಕಿರುಚ್ತಾನೆ, ಜ್ವರ 101. ಮನೇಲಿ ಹೊಸ ಪ್ಯಾರಸಿಟಮಾಲ್ ಡ್ರಾಪ್ಸ್ ಐತೆ, ದೊಡ್ಡವಳದ್ದು ಹಳೇ ಸಿರಪ್ಪೂ ಐತೆ. ಅತ್ತೆ ಎರಡೂ ಒಂದೇ ಅಂತಾರೆ. ಹೌದಾ?

ಹರಿಹರದ ಅಮ್ಮ: "ಎರಡೂ ಒಂದೇ" ಅನ್ನೋ ಈ ಮಾತು ನಂಬಿಯೇ ನಾನು ಮೂರು ರಾತ್ರಿ ಐಸಿಯು ಬಾಗಿಲಲ್ಲಿ ಕೂತಿದ್ದು. 2019. ಮಗಳಿಗೆ ಐದು ತಿಂಗಳು, 6 ಕೆಜಿ 200 ಗ್ರಾಂ. ಡಾಕ್ಟ್ರು ಬರೆದಿದ್ದು ಸಿರಪ್, ಎರಡೂವರೆ ಎಂಎಲ್. ಅದು ಖಾಲಿ ಆಯ್ತು, ನಮ್ಮನೆಯವರು ಮೆಡಿಕಲ್‌ಗೆ ಹೋಗಿ "ಮಗೂಗೆ ಜ್ವರದ್ದು ಕೊಡಿ" ಅಂದ್ರೆ ಡ್ರಾಪ್ಸ್ ಕೊಟ್ಟು ಕಳಿಸಿದ್ರು. ನಾನು ಅದನ್ನೂ ಎರಡೂವರೆ ಎಂಎಲ್ ಒಳಲೆಗೆ ಹಾಕಿ ಕುಡಿಸಿದೆ. ಸಿರಪ್ಪಲ್ಲಿ 5 ಎಂಎಲ್‌ಗೆ 125 ಮಿಗ್ರಾಂ, ಡ್ರಾಪ್ಸಲ್ಲಿ 1 ಎಂಎಲ್‌ಗೇ 100 ಮಿಗ್ರಾಂ. 62 ಹೋಗಬೇಕಾದಲ್ಲಿ 250 ಹೋಯ್ತು, ಅದೂ ಒಂದೇ ದಿನ ಮೂರು ಸಲ. ನಾಲ್ಕನೇ ಸಲ ತುಂಬುವಾಗ ಡ್ರಾಪ್ಸ್ ಜೊತೆ ಬಂದಿದ್ದ ಫಿಲ್ಲರ್ (ಅಳೆಯೋ ಹನಿ ಕೊಳವೆ) ಮೇಲಿನ ಗೆರೆ 1ಕ್ಕೇ ಮುಗಿದಿರೋದು ಕಣ್ಣಿಗೆ ಬಿತ್ತು. ಇಷ್ಟು ಚಿಕ್ಕ ಫಿಲ್ಲರ್ ಕೊಟ್ಟಿದಾರೆ, ನಾನು ಎರಡೂವರೆ ಸಲ ತುಂಬ್ತಿದೀನಲ್ಲ ಅಂತ ಎದೆ ಧಸಕ್ ಅಂತು. ರಾತ್ರಿ ಹನ್ನೊಂದಕ್ಕೆ ದಾವಣಗೆರೆಗೆ ಆಟೋ 800. ಲಿವರ್ ಕೆಡದ ಹಾಗೆ ಅಸಿಟೈಲ್ ಸಿಸ್ಟೀನ್ ಡ್ರಿಪ್ ಹಾಕಿದ್ರು, ಮತ್ತೆ ಮತ್ತೆ ರಕ್ತ ತೆಗೆದ್ರು. ಬೆಡ್ಡು 13,500, ರಕ್ತ ಪರೀಕ್ಷೆ 6,200, ಔಷಧಿ 4,850. ಕಿವಿಯೋಲೆ ಅಡ ಇಟ್ಟಿದ್ದು ಬಿಡಿಸೋಕೆ ಹದಿನಾಲ್ಕು ತಿಂಗಳು ಹಿಡೀತು. ಮಗಳು ಚೆನ್ನಾಗಿದಾಳೆ. ಆ ಒಳಲೆ ಮಾತ್ರ ನಾನು ಮತ್ತೆ ಮುಟ್ಟಿಲ್ಲ.

ಹೊಳಲ್ಕೆರೆ ಅಪ್ಪ: ಪ್ಯಾರಸಿಟಮಾಲ್ ಹೆಸರು ಹೇಳಿ ಹೆದರಿಸಬೇಡಿ ರೀ. ತೂಕ ನೋಡಿ ಕೆಜಿಗೆ 10ರಿಂದ 15 ಮಿಗ್ರಾಂ ಕೊಟ್ರೆ ಅದರಷ್ಟು ಸಾಧು ಔಷಧಿ ಇನ್ನೊಂದಿಲ್ಲ. ನಮಗೆ ಪೆಟ್ಟು ಬಿದ್ದಿದ್ದು ಐಬುಪ್ರೊಫೆನ್ ಅನ್ನೋ ಇನ್ನೊಂದು ಜ್ವರದ ಔಷಧಿಯಿಂದ. ಮಗನಿಗೆ ಎಂಟು ತಿಂಗಳು, ವಾಂತಿ-ಭೇದಿ ಜೊತೆ ಜ್ವರ. ಪ್ಯಾರಸಿಟಮಾಲ್ ಕೊಟ್ರೂ ಇಳೀಲಿಲ್ಲ ಅಂತ ಮೆಡಿಕಲ್‌ನೋರು "ಸ್ಟ್ರಾಂಗ್ ಐತೆ" ಅಂತ ಎರಡೂ ಸೇರಿರೋ ಸಿರಪ್ ಕೊಟ್ರು. ಅದರಲ್ಲೂ ಪ್ಯಾರಸಿಟಮಾಲ್ ಇರೋದು ಗೊತ್ತಿಲ್ದೆ ಮೊದಲಿನದನ್ನೂ ಮುಂದುವರಿಸಿದ್ವಿ. ಮಾರನೇ ದಿನ ಬೆಳಿಗ್ಗೆಯಿಂದ ಸಂಜೆವರೆಗೆ ಒಂದು ಬಟ್ಟೆನೂ ಒದ್ದೆ ಆಗ್ಲಿಲ್ಲ. ಮೈಯಲ್ಲಿ ನೀರಿಲ್ದೆ ಇರುವಾಗ ಐಬುಪ್ರೊಫೆನ್ ಹೋದ್ರೆ ಕಿಡ್ನಿಗೆ ಹೊಡೀತೈತೆ ಅಂತ ಆಮೇಲೆ ಡಾಕ್ಟ್ರು ಹೇಳಿದ್ರು. ಆರು ತಿಂಗಳೊಳಗಿನ ಮಕ್ಕಳಿಗಂತೂ ಡಾಕ್ಟ್ರು ಹೇಳದೆ ಅದು ಬೇಡವೇ ಬೇಡ. ನಿಮೆಸುಲೈಡ್ ಅನ್ನೋ ಜ್ವರ-ನೋವಿನ ಔಷಧಿ 12 ವರ್ಷದೊಳಗಿನ ಮಕ್ಕಳಿಗೆ 2011ರಲ್ಲೇ ನಿಷೇಧ, ಆದ್ರೂ ನಮ್ಮ ಓಣಿಲಿ ದೊಡ್ಡೋರ ಮಾತ್ರೆ ಮುರಿದು ಮಕ್ಕಳಿಗೆ ಹಾಕೋರು ಇದಾರೆ.

ಚಳ್ಳಕೆರೆ ಅಕ್ಕ: ಈ ಗೋಳೆಲ್ಲ ಬಾಟಲಿ ಮನೆಗೆ ತಂದಿದ್ದಕ್ಕೇ ಬಂದಿದ್ದು. ಇಬ್ಬರು ಮಕ್ಕಳನ್ನ ಬಜೆ ತೇಯ್ದು ಹಾಕಿ, ಒದ್ದೆ ಬಟ್ಟೆ ಒರೆಸಿ, ಎದೆಹಾಲು ಕುಡಿಸಿ ಬೆಳೆಸಿದೀನಿ. ಒಂದು ಹನಿ ಇಂಗ್ಲಿಷ್ ಔಷಧಿ ಹೋಗಿಲ್ಲ.

ಹರಿಹರದ ಅಮ್ಮ: ನಿಮ್ಮ ಮಕ್ಕಳು ಗಟ್ಟಿ ಇದ್ರು, ಸಂತೋಷ. ನನ್ನ ತಂಗಿ ಮಗು 40 ದಿನದ್ದು, ಜ್ವರ ಬಂದ್ರೆ ಎರಡು ದಿನ ಬಟ್ಟೆ ಒರೆಸ್ತಾ ಕೂತ್ರು. ಮಿದುಳು ಜ್ವರ ಆಗಿತ್ತು. ಮೂರು ತಿಂಗಳೊಳಗಿನ ಮಗೂಗೆ 100.4 ದಾಟಿದ್ರೆ ಬಜೆನೂ ಬೇಡ, ಡ್ರಾಪ್ಸೂ ಬೇಡ, ಸೀದಾ ಆಸ್ಪತ್ರೆಗೆ ಎತ್ಕೊಂಡು ಹೋಗ್ಬೇಕು. ಇಂಥ ಕಡೆ ಬಂದು ಹೆಮ್ಮೆ ಕೊಚ್ಕೋಬೇಡಿ.

ಚಳ್ಳಕೆರೆ ಅಕ್ಕ: ನಾಲ್ಕು ಪಟ್ಟು ಕುಡಿಸಿದೋರು ನನಗೆ ಬುದ್ಧಿ ಹೇಳೋದಾ?

ಹರಿಹರದ ಅಮ್ಮ: ಹೌದು, ಕುಡಿಸಿದೋಳೇ ಹೇಳ್ತಿದೀನಿ. ಇನ್ನೊಬ್ಬಳು ಕುಡಿಸಬಾರದು ಅಂತ.

ವಿದ್ಯಾನಗರ ಮಮ್ಮಿ: ಪ್ರೈವೇಟಲ್ಲಿ ಸಿಗೋ ಪೇನ್‌ಲೆಸ್ (ನೋವು ಕಡಿಮೆ ಇರೋ) ಲಸಿಕೆ ಹಾಕಿಸಿದ್ರೆ ಈ ತಾಪತ್ರಯವೇ ಇರ್ತಿರ್ಲಿಲ್ಲ. ನಾವು ಒಂದೊಂದು ಸಲ 3,800 ಕೊಟ್ವಿ, ಜ್ವರ ಬರ್ಲೇ ಇಲ್ಲ. ಹೊರಡೋ ಮೊದಲೇ ಒಂದು ಡೋಸ್ ಡ್ರಾಪ್ಸೂ ಹಾಕ್ತಿದ್ದೆ.

ಹೊಳಲ್ಕೆರೆ ಅಪ್ಪ: ಮೊದಲೇ ಹಾಕೋದು ಯಾರು ಹೇಳಿದ್ರು ಮೇಡಂ? ಮುಂಚೆನೇ ಕೊಟ್ರೆ ಲಸಿಕೆಯಿಂದ ಹುಟ್ಟೋ ಪ್ರತಿಕಾಯ (ರೋಗ ತಡೆಯೋ ಶಕ್ತಿ) ಕಡಿಮೆ ಆಗಬಹುದು. ಜ್ವರ, ನೋವು ಬಂದಮೇಲೆ ಕೊಡ್ಬೇಕು. ಇನ್ನು ಪೇನ್‌ಲೆಸ್‌ನಲ್ಲಿ ಜ್ವರ ಕಡಿಮೆ ನಿಜ, ಆದ್ರೆ ನಾಯಿಕೆಮ್ಮಿನ ರಕ್ಷಣೆ ಬೇಗ ಇಳಿಯುತ್ತೆ. ಸರ್ಕಾರಿ ಲಸಿಕೆ ಹಾಕಿಸೋರು ದುಡ್ಡಿಲ್ದೆ ಹಾಕಿಸ್ತಾರೆ ಅನ್ಕೋಬೇಡಿ.

ವಿದ್ಯಾನಗರ ಮಮ್ಮಿ: ನಾನು ದುಡ್ಡಿನ ಮಾತೇ ಎತ್ತಿಲ್ಲ.

ಹೊಳಲ್ಕೆರೆ ಅಪ್ಪ: 3,800 ಅಂತ ಬರೆದೋರು ಯಾರು ಮತ್ತೆ?

ನಿಟುವಳ್ಳಿ ತಾಯಿ: ಹರಿಹರದಕ್ಕ, ನಿಮ್ಮದು ಓದಿ ಕೈ ನಡುಗಿ ಎರಡೂ ಬಾಟಲಿ ಬೆಳಕಿಗೆ ಹಿಡಿದು ನೋಡಿದೆ. ಡ್ರಾಪ್ಸ್ 1 ಎಂಎಲ್‌ಗೆ 100. ಸಿರಪ್ಪು 5 ಎಂಎಲ್‌ಗೆ 250ರದ್ದು, ಅವಧಿನೂ ಮುಗಿದೈತೆ. ಡಾಕ್ಟ್ರಿಗೆ ಫೋನ್ ಮಾಡಿದೆ: ಡ್ರಾಪ್ಸ್ 0.8 ಎಂಎಲ್, ಆರು ಗಂಟೆ ಅಂತರ, ದಿನಕ್ಕೆ ನಾಲ್ಕಕ್ಕಿಂತ ಜಾಸ್ತಿ ಬೇಡ, ಹಾಲು ಬಿಟ್ರೆ ಅಥವಾ ಮಂಕಾದ್ರೆ ಕರ್ಕೊಂಡು ಬನ್ನಿ ಅಂದ್ರು. 9.20ಕ್ಕೆ ಹಾಕಿದೆ, ಗಂಟೆ ಕ್ಯಾಲೆಂಡರ್ ಮೇಲೆ ಬರ್ಕೊಂಡಿದೀನಿ. ಅತ್ತೆ ಸಿರಪ್ ಬಿಸಾಕೋಕೆ ಬಿಡ್ತಿಲ್ಲ, 60 ರೂಪಾಯಿದು ಅಂತ.

ಹರಿಹರದ ಅಮ್ಮ: ಅತ್ತೆ ಮಲಗಿದ ಮೇಲೆ ಬಿಸಾಕಮ್ಮ. ಇವತ್ತೇ.