ಸುವರ್ಣ ಸೌಧಕ್ಕೆ ಕಚೇರಿ ಬಂದರೆ ಸಾಕಾ, ಸಹಿ ಹಾಕೋರು ಬೇಡ್ವಾ?

ಹಲಗಾ ಹುಡುಗ (ಬೆಳಗಾವಿ):
ಚಳಿಗಾಲದ ಅಧಿವೇಶನ ಬಂತು ಅಂದರೆ ಬೆಂಗಳೂರಿನ ಕಚೇರಿಗಳನ್ನು ಇಲ್ಲಿಗೆ ತರುವ ಮಾತು ಶುರು. ಸೌಧ ಉದ್ಘಾಟನೆ ಆಗಿದ್ದು 2012ರಲ್ಲಿ. ಆಮೇಲೆ ಕೆಲವು ಕಚೇರಿ ಬಂದಿವೆ, ಇಲ್ಲ ಅನ್ನಲ್ಲ. ಆದರೂ ನನ್ನದೊಂದು ಕಡತಕ್ಕೆ ಇಲ್ಲಿ ಸೀಲ್ ಬಿತ್ತು, ಮಂಜೂರಾತಿಗೆ ಮಾತ್ರ ರಾತ್ರಿ ಬಸ್ ಹತ್ತಿ ಸುಮಾರು 500 ಕಿಮೀ ಹೋಗಬೇಕಾಯ್ತು. ಸ್ಥಳಾಂತರ ಅಂದರೆ ಹುದ್ದೆನೂ ಬರುತ್ತಾ, ಬರೀ ಬೋರ್ಡಾ? ಒಳಗಿನವರು ಯಾರಾದರೂ ಹೇಳ್ರಿ.

ಗೋಕಾಕ ಎಫ್‌ಡಿಎ:
ನಾನು ಬೆಂಗಳೂರಲ್ಲೇ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ನೌಕರಿ ಮಾಡ್ತೀನಿ, ಊರು ಗೋಕಾಕ. ಆದೇಶದಲ್ಲಿ "ಹುದ್ದೆ ಸಮೇತ" ಅಂತ ಇದೆಯಾ ಅನ್ನೋದನ್ನ ಮೊದಲು ನೋಡಿ. ಹುದ್ದೆ ಬೆಂಗಳೂರಲ್ಲೇ ಇಟ್ಟು ಜನರನ್ನ ನಿಯೋಜನೆ ಮೇಲೆ ಕಳಿಸಿದರೆ ಅವರು ಬಂದ ದಿನದಿಂದಲೇ ವಾಪಸ್ ಹೋಗೋ ದಾರಿ ಹುಡುಕ್ತಾರೆ, ಶಿಫಾರಸು ಪತ್ರ ಸಿಕ್ಕರೆ ಮುಗೀತು, ಕುರ್ಚಿ ಖಾಲಿ, ಪಕ್ಕದವರಿಗೆ ಹೆಚ್ಚುವರಿ ಪ್ರಭಾರ. ಅವರನ್ನೂ ಸುಮ್ನೆ ಬೈಬೇಡಿ. ಮನೆ ಬಾಡಿಗೆ ಭತ್ಯೆ ಕಮ್ಮಿ ಆಗುತ್ತೆ, ಗಂಡನೋ ಹೆಂಡತಿಯೋ ಬೆಂಗಳೂರಲ್ಲೇ ಕೆಲಸದಲ್ಲಿರ್ತಾರೆ, ಮಕ್ಕಳ ಶಾಲೆ ಬೇರೆ. ನಮ್ಮ ಕಡೆಯವರು ಇಲ್ಲಿ ಬೇಕಾದಷ್ಟು ಜನ ಇದ್ದೀವಿ. ಬರ್ತೀರಾ ಅಂತ ಮೊದಲು ನಮ್ಮನ್ನ ಕೇಳಲಿ.

ನವನಗರದವ:
ಬಾಗಲಕೋಟೆ ನೋಡ್ರಿ ಅಣ್ಣಾ. ಕೃಷ್ಣಾ ಮೇಲ್ದಂಡೆ ನೀರಾವರಿ ಯೋಜನೆಯ ಪುನರ್ವಸತಿ ಆಯುಕ್ತರ ಕಚೇರಿ ನವನಗರದಲ್ಲೇ ಇದೆ. ಮುಳುಗಡೆ ಆದವರಿಗೆ ಇದು ದೊಡ್ಡ ಅನುಕೂಲ, ಎದುರಿಗೆ ಕೂತು ಜಗಳ ಆಡಬಹುದು! ಆದರೆ ಎಕರೆಗೆ ಪರಿಹಾರ ಎಷ್ಟು ಅನ್ನೋದು ತೀರ್ಮಾನ ಆಗೋದು ಬೆಂಗಳೂರಿನ ಸಂಪುಟ ಸಭೆಯಲ್ಲಿ.

ಗೋಳಗುಮ್ಮಟ (ವಿಜಯಪುರ):
ಧಾರವಾಡದ ಹೈಕೋರ್ಟ್ ಪೀಠ ಯಾಕೆ ಕೆಲಸ ಮಾಡ್ತು? 2008ರಲ್ಲಿ ಸಂಚಾರಿ ಪೀಠ, 2013ರಲ್ಲಿ ಕಾಯಂ. ನ್ಯಾಯಮೂರ್ತಿಗಳು ಅಲ್ಲೇ ಕೂತು ಅಲ್ಲೇ ತೀರ್ಪು ಕೊಡ್ತಾರೆ, ಬೆಂಗಳೂರಿಗೆ ಕಡತ ಕಳಿಸಲ್ಲ. ಇಲಾಖೆಗಳಿಗೂ ಹಾಗೇ ಆಗಬೇಕು. ಇನ್ನೊಂದು, ಸಂವಿಧಾನದ 371ಜೆ ವಿಧಿ ಬಂದ ಮೇಲೆ ಪಕ್ಕದ ಕಲಬುರಗಿಗೆ ನೌಕರಿಯಲ್ಲಿ ಸ್ಥಳೀಯ ಮೀಸಲಾತಿ ಸಿಕ್ತು, ಬೆಳಗಾವಿ, ಬಾಗಲಕೋಟೆ, ವಿಜಯಪುರ, ನಮ್ಮ ಮೂರೂ ಜಿಲ್ಲೆ ಅದರಲ್ಲಿ ಇಲ್ಲ. ಹಾಗಾಗಿ ಕಚೇರಿ ಬಂದರೂ ಹೊಸ ಹುದ್ದೆ ನಮ್ಮ ಹುಡುಗರಿಗೇ ಅಂತ ಖಾತ್ರಿ ಏನಿಲ್ಲ.

ಹಲಗಾ ಹುಡುಗ:
371ಜೆ ವಿಷಯ ನನ್ನ ತಲೆಗೇ ಬಂದಿರಲಿಲ್ಲ. ಎಫ್‌ಡಿಎ ಸರ್, ಒಂದು ಡೌಟು. ಈಗ ಕಡತ ಎಲ್ಲಾ ಇ-ಆಫೀಸ್‌ನಲ್ಲೇ ಓಡ್ತಿದೆಯಲ್ಲ, ಅಧಿಕಾರಿ ಇಲ್ಲೇ ಕೂತು ಒಪ್ಪಿಗೆ ಕೊಡೋಕೆ ಏನು ಅಡ್ಡಿ?

ಗೋಕಾಕ ಎಫ್‌ಡಿಎ:
ಕಂಪ್ಯೂಟರ್ ಅಡ್ಡಿ ಮಾಡಲ್ಲ ಬಿಡಿ. ಮಂತ್ರಿ, ಕಾರ್ಯದರ್ಶಿ ಇಬ್ಬರೂ ಇಲ್ಲಿ ಬೆಂಗಳೂರಲ್ಲಿದ್ದಾರೆ. ಅವರು ಯಾವಾಗ ಕರೀತಾರೋ ಅಂತ ದೊಡ್ಡ ಸಾಹೇಬರು ಯಾರೂ ದೂರ ಹೋಗಲ್ಲ.