ನೀಲಿ ಹೂದಾನಿಯ ಬಿಳಿ ಉಬ್ಬುಚಿತ್ರಗಳು: ಇದು ಯಾವ ಕಾಲದ್ದು?

ಪ್ರಶ್ನೆ (ತೀರ್ಥಹಳ್ಳಿ)

ನಮ್ಮ ತೋಟದ ಮನೆಯ ಅಟ್ಟದಲ್ಲಿದ್ದ, ಒಂದು ಗೇಣಿಗಿಂತ ತುಸು ಎತ್ತರದ ಇಂಗ್ಲಿಷ್ ಹೂದಾನಿಯೊಂದನ್ನು ಈಗ ಜಗಲಿಯ ಗೂಡಿನಲ್ಲಿ ಇಟ್ಟಿದ್ದೇವೆ. ಹೊಳಪಿಲ್ಲದ ತಿಳಿನೀಲಿ ಮೈಯ ಮೇಲೆ ಕೈಕೈ ಹಿಡಿದು ಕುಣಿಯುವ ಹೆಂಗಸರ ಬಿಳಿ ಉಬ್ಬುಚಿತ್ರಗಳಿವೆ; ಬುಡದಲ್ಲಿ ಎಲೆಗಳ ಸಾಲು, ಕೊರಳಿನಲ್ಲಿ ಇಳಿಬಿದ್ದ ಹೂಮಾಲೆ. ತಳದಲ್ಲಿ ‘ವೆಜ್‌ವುಡ್’ ಎಂದೂ ಅದರ ಜೊತೆಗೆ ‘ಇಂಗ್ಲೆಂಡ್’ ಎಂದೂ ಒತ್ತಿದ ಅಕ್ಷರಗಳಿವೆ. ನೋಡಿದವರು 18ನೇ ಶತಮಾನದ್ದು ಎನ್ನುತ್ತಾರೆ. ಅದು ಸರಿಯೇ? ಮಳೆಗಾಲದಲ್ಲಿ ಉಬ್ಬುಗಳ ಸಂದಿಗೆ ಬೂಷ್ಟು ಹಿಡಿಯುತ್ತದೆ, ತೊಳೆಯಬಹುದೇ?

ಉತ್ತರ (ಶಿವಮೊಗ್ಗ)

ವಿನ್ಯಾಸ 18ನೇ ಶತಮಾನದ್ದು, ಹೂದಾನಿ ಅಲ್ಲ. ಅಮೆರಿಕದ ಸುಂಕದ ಕಾನೂನು ಆಮದು ಸರಕಿನ ಮೇಲೆ ತಯಾರಾದ ದೇಶದ ಹೆಸರನ್ನು ಕಡ್ಡಾಯ ಮಾಡಿದ ಮೇಲೆ, ಅಂದರೆ 1891ರಿಂದೀಚೆಗೆ, ‘ಇಂಗ್ಲೆಂಡ್’ ಎಂಬ ಅಚ್ಚು ಸಾಮಾನ್ಯವಾಯಿತು. ‘ಮೇಡ್ ಇನ್ ಇಂಗ್ಲೆಂಡ್’ ಎಂದು ಪೂರ್ತಿಯಾಗಿ ಇದ್ದರೆ ಇನ್ನೂ ಈಚಿನದು, 20ನೇ ಶತಮಾನದ್ದು.

ಈ ಮಣ್ಣಿಗೆ ಜ್ಯಾಸ್ಪರ್ ಎನ್ನುತ್ತಾರೆ. ಇಂಗ್ಲೆಂಡಿನ ಸ್ಟಾಫರ್ಡ್‌ಶೈರಿನ ಕುಂಬಾರ ಜೋಸಾಯಾ ವೆಜ್‌ವುಡ್ 1770ರ ದಶಕದಲ್ಲಿ, ಬೇರಿಯಂ ಸಲ್ಫೇಟ್ ಬೆರೆಸಿ, ಪ್ರಯೋಗದ ಮೇಲೆ ಪ್ರಯೋಗ ಮಾಡಿ ಇದನ್ನು ಸಿದ್ಧಪಡಿಸಿದ. ನೀಲಿಗೆ ಕೋಬಾಲ್ಟ್ ಕಾರಣ. ಇಂಥ ಉಬ್ಬುಚಿತ್ರಗಳಿಗೆ ಪ್ರಾಚೀನ ಕಲೆಯೇ ಮಾದರಿ: ಬ್ರಿಟಿಷ್ ರಾಯಭಾರಿ ವಿಲಿಯಂ ಹ್ಯಾಮಿಲ್ಟನ್ ನೇಪಲ್ಸ್‌ನಲ್ಲಿ ಕೂಡಿಸಿದ ಪ್ರಾಚೀನ ಪಾತ್ರೆಗಳ ಸಂಗ್ರಹವನ್ನು 1772ರಲ್ಲಿ ಬ್ರಿಟಿಷ್ ಮ್ಯೂಸಿಯಂ ಕೊಂಡಿತ್ತು. ಅವುಗಳ ಚಿತ್ರಸಂಪುಟಗಳು ಅದಕ್ಕೂ ಮೊದಲೇ ಕುಶಲಕರ್ಮಿಗಳ ಕೈ ಸೇರಿದ್ದವು. ನಿಮ್ಮ ಕುಣಿಯುವ ಹೆಂಗಸರು ಬಹುಶಃ ಶಿಲ್ಪಿ ಜಾನ್ ಫ್ಲಾಕ್ಸ್‌ಮನ್ 1778ರ ಸುಮಾರಿಗೆ ರೂಪಿಸಿದ ‘ನರ್ತಿಸುವ ಹೋರೆಯರು’ (ಹೋರೆಯರೆಂದರೆ ಗ್ರೀಕ್ ಪುರಾಣದ ಋತುದೇವತೆಯರು). ಅದೇ ವಿನ್ಯಾಸಗಳನ್ನು ವೆಜ್‌ವುಡ್ ಕಾರ್ಖಾನೆ 19 ಮತ್ತು 20ನೇ ಶತಮಾನಗಳಲ್ಲಿಯೂ ಮತ್ತೆ ಮತ್ತೆ ಬಳಸಿತು. ಆದ್ದರಿಂದ ಹೂದಾನಿಯ ವಯಸ್ಸನ್ನು ಚಿತ್ರದಿಂದ ಅಳೆಯದೆ ತಳದ ಅಚ್ಚಿನಿಂದಲೇ ಅಳೆಯಬೇಕು.

ಉತ್ತರ (ಸಾಗರ)

ಗುಡಿಗಾರರ ಶ್ರೀಗಂಧದ ಕೆತ್ತನೆಯನ್ನು ಚಿಕ್ಕಂದಿನಿಂದ ನೋಡಿದವನಾಗಿ ಒಂದು ಮಾತು ಸೇರಿಸುತ್ತೇನೆ. ನಮ್ಮಲ್ಲಿ ಉಳಿ ಬೇಡವಾದ ಮರವನ್ನು ತೆಗೆದು ಆಕೃತಿಯನ್ನು ಬಿಡಿಸುತ್ತದೆ; ಅಲ್ಲಿ ಆಕೃತಿಯನ್ನು ಬೇರೆಯಾಗಿ ಅಚ್ಚಿನಲ್ಲಿ ಒತ್ತಿ, ನೀರು ಸವರಿ ಹಸಿ ಮೈಗೆ ಅಂಟಿಸಿ ಒಟ್ಟಿಗೆ ಸುಡುತ್ತಾರೆ. ಸೆರಗಿನ ಮಡಿಕೆಗಳನ್ನು ಬೆಳಕಿಗೆ ಹಿಡಿದು ನೋಡಿ: ಬಿಳಿ ಮಣ್ಣು ತೆಳುವಾದಲ್ಲಿ ಒಳಗಿನ ನೀಲಿ ಮಸುಕಾಗಿ ಹೊಮ್ಮಬೇಕು, ಬೆರಳಿನ ಗೆಣ್ಣು, ಪಾದದ ಅಂಚು ಸ್ಪಷ್ಟವಿರಬೇಕು. ಅಂಚುಗಳು ಮೊಂಡಾಗಿ ಮುಖಗಳು ಒಂದೇ ಸಮ ಕಂಡರೆ, ಎಷ್ಟೇ ಹಳೆಯದಾದರೂ ಅದನ್ನು ಒಳ್ಳೆಯ ಕೆಲಸವೆಂದು ನಾನು ಒಪ್ಪುವುದಿಲ್ಲ. ಬಾಯಿಯ ಒಳಗೂ ಇಣುಕಿ: ಒಳಗೆ ಬಿಳಿ, ಹೊರಗೆ ಮಾತ್ರ ನೀಲಿ ಇದ್ದರೆ ಬಣ್ಣದ ಜ್ಯಾಸ್ಪರ್‌ನಲ್ಲಿ ಅದ್ದಿ ತೆಗೆದದ್ದು, ಒಳಗೂ ನೀಲಿಯಿದ್ದರೆ ಮಣ್ಣೇ ನೀಲಿ.

ಉತ್ತರ (ಕೊಪ್ಪ)

ತೊಳೆಯಬಹುದು. ಗಟ್ಟಿಯಾಗಿ ಬೆಂದ ಮಣ್ಣಾದ್ದರಿಂದ ಹೊಳಪಿನ ಲೇಪವಿಲ್ಲದಿದ್ದರೂ ನೀರು ಸುಲಭಕ್ಕೆ ಒಳಗಿಳಿಯುವುದಿಲ್ಲ. ಆದರೆ ಬಿರುಕು ಅಥವಾ ಹಳೆಯ ಅಂಟಿನ ಗುರುತು ಇದ್ದರೆ ನೀರಿನಲ್ಲಿ ಮುಳುಗಿಸಬೇಡಿ. ಉಗುರುಬೆಚ್ಚಗಿನ ನೀರು, ಸೌಮ್ಯ ಸೋಪು, ಮೃದುವಾದ ಬ್ರಷ್ ಸಾಕು. ಬ್ಲೀಚ್, ಹುಣಸೆಹಣ್ಣು, ಬೂದಿ ಇವು ಯಾವುವೂ ಬೇಡ. ಆಮೇಲೆ ಗೂಡಿನಲ್ಲಿ ಗೋಡೆಗೆ ತಾಗದಂತೆ, ಗಾಳಿಯಾಡುವಂತೆ ಇಡಿ.