ಸಹಾಯ ಬೇಕು: ಅಮೆರಿಕದಲ್ಲಿ ಇಂಟರ್ನಲ್ ಮೆಡಿಸಿನ್ ರೆಸಿಡೆನ್ಸಿಗೆ (ಸ್ನಾತಕೋತ್ತರ ವೈದ್ಯಕೀಯ ತರಬೇತಿಗೆ) ಅರ್ಜಿ

ಎಲ್ಲರಿಗೂ ನಮಸ್ಕಾರ. 2021ರಲ್ಲಿ ಹುಬ್ಬಳ್ಳಿಯಲ್ಲಿ ಎಂಬಿಬಿಎಸ್ ಮುಗಿಸಿದ ನಾನು ಅಮೆರಿಕದ ವೈದ್ಯಕೀಯ ಪರವಾನಗಿ ಪರೀಕ್ಷೆಯಾದ ಯುಎಸ್‌ಎಂಎಲ್‌ಇ ಸ್ಟೆಪ್ 1 ಮತ್ತು ಸ್ಟೆಪ್ 2 ಸಿಕೆ (ಕ್ಲಿನಿಕಲ್ ನಾಲೆಡ್ಜ್) ಎರಡನ್ನೂ ಮೊದಲ ಯತ್ನದಲ್ಲೇ ಪಾಸು ಮಾಡಿದ್ದೇನೆ. 2022ರ ಜನವರಿಯಿಂದ ಸ್ಟೆಪ್ 1ಕ್ಕೆ ಅಂಕ ಕೊಡದೆ ಪಾಸು, ಫೇಲು ಎಂದಷ್ಟೇ ತಿಳಿಸುತ್ತಿರುವುದರಿಂದ, ನಮ್ಮಂಥವರ ಅರ್ಜಿಯ ಭಾರವೆಲ್ಲ ಸ್ಟೆಪ್ 2ರ ಅಂಕಗಳ ಮೇಲೆ ಮತ್ತು ಅಲ್ಲಿನ ವೈದ್ಯರ ಶಿಫಾರಸು ಪತ್ರಗಳ ಮೇಲೆ ಬಿದ್ದಂತಿದೆ. ನನ್ನ ಬಳಿ ಅಂಥ ಪತ್ರ ಇರುವುದು ಒಂದೇ. ಅದೂ ನಾಲ್ಕು ವಾರ ರೋಗಿಯನ್ನು ಮುಟ್ಟದೆ, ರೌಂಡ್ಸ್‌ನಲ್ಲಿ ಎಲ್ಲರ ಹಿಂದೆ ನಿಂತು ನೋಡಿದ ಅಬ್ಸರ್ವರ್‌ಶಿಪ್‌ನದು. ಸೆಪ್ಟೆಂಬರ್‌ನಲ್ಲಿ ಅರ್ಜಿ ಸಲ್ಲಿಸುವ ಮೊದಲು ಇನ್ನೊಂದು ಅಬ್ಸರ್ವರ್‌ಶಿಪ್ ಮಾಡುವುದು ಒಳಿತೇ, ಅಥವಾ ಆ ಹಣದಲ್ಲಿ ಹೆಚ್ಚು ಆಸ್ಪತ್ರೆಗಳಿಗೆ ಅರ್ಜಿ ಹಾಕಲೇ? ಜೆ-1 ವೀಸಾದವರು (ವಿನಿಮಯ ಕಾರ್ಯಕ್ರಮದ ವೀಸಾದಲ್ಲಿ ಹೋಗುವವರು) ತರಬೇತಿಯ ನಂತರ ಎರಡು ವರ್ಷ ಸ್ವದೇಶದಲ್ಲಿರಬೇಕೆಂಬ ನಿಯಮ ನನಗೇನೂ ತೊಡಕಲ್ಲ. ಮ್ಯಾಚ್‌ನಲ್ಲಿ (ರೆಸಿಡೆನ್ಸಿ ಸೀಟು ಹಂಚುವ ವ್ಯವಸ್ಥೆಯಲ್ಲಿ) ಸ್ಥಾನ ಪಡೆದಿರುವ ಹಿರಿಯರು ದಯವಿಟ್ಟು ತಮ್ಮ ಅನುಭವ ತಿಳಿಸಬೇಕಾಗಿ ವಿನಂತಿ.